ದ್ಯೂತಕಾರನು ಹೇಳುವ ಕಾರಣ

ಹಣವನ್ನು ಪಣವಾಗಿ ಒಡ್ಡಿ ಮನುಷ್ಯನು ಏಕೆ ಆಡುತ್ತಾನೆಂಬ ಪ್ರಶ್ನೆಗೆ ಲೋಕದಲ್ಲಿ ಎರಡು ಉತ್ತರಗಳು ಸಿದ್ಧವಾಗಿರುವುವು. ವಿನೋದಕ್ಕಾಗಿ ಎಂಬುದೊಂದು; ಸಂಪಾದನೆಗಾಗಿ ಎಂಬುದು ಮತ್ತೊಂದು. ಪೋಕರ್ ಎಂಬ ಇಸ್ಪೀಟಿನಾಟವು ಕ್ಲಬ್ಬುಗಳ ಮೇಜನ್ನು ಬಿಟ್ಟು ಅಂಗೈಯ ಮೊಬೈಲಿಗೆ ಇಳಿದು ಬಂದಂದಿನಿಂದ ವಿದ್ಯಾವಂತರ ಮನೆಗಳಲ್ಲಿಯೂ ಈ ಎರಡು ಉತ್ತರಗಳು ಕೇಳಿಬಂದಿವೆ. ೫೨ ಎಲೆಗಳ ಕಟ್ಟಿನಿಂದ ಹಂಚಿದ ಎಲೆಗಳನ್ನು ಮುಚ್ಚಿಟ್ಟುಕೊಂಡು, ಎದುರಾಳಿಯ ಕೈಯಲ್ಲಿರುವುದೇನೆಂಬುದನ್ನು ಅವನು ಒಡ್ಡಿದ ಪಣದಿಂದಲೇ ಊಹಿಸಬೇಕಾದ ಆಟವಿದು. ಕೆಟ್ಟ ಎಲೆಗಳನ್ನು ಹಿಡಿದವನು ದೊಡ್ಡ ಪಣವೊಡ್ಡಿ, ಒಳ್ಳೆಯ ಎಲೆಗಳನ್ನು ಹಿಡಿದವನನ್ನು ಹೆದರಿಸಿ ಎಬ್ಬಿಸಿಬಿಡಬಹುದು. ಆದುದರಿಂದ ಇದು ಅದೃಷ್ಟದ ಆಟವಲ್ಲ, ಬುದ್ಧಿಯ ಆಟವೆಂದು ಆಡುವವರು ವಾದಿಸುವರು.

ನ್ಯಾಯಾಲಯಗಳೂ ಬಹುಕಾಲ ಇದನ್ನೇ ವಿಚಾರಿಸುತ್ತ ಬಂದವು. ರಮ್ಮಿಯು ಪ್ರಧಾನವಾಗಿ ಕೌಶಲದ ಆಟವೆಂದು ೧೯೬೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಪೋಕರು ಹಾಗಲ್ಲ, ಅದು ಜೂಜೇ ಎಂದು ೨೦೧೭ರಲ್ಲಿ ಗುಜರಾತಿನ ಉಚ್ಚ ನ್ಯಾಯಾಲಯವು ಹೇಳಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯಾದರೋ, ಅಂತರ್ಜಾಲದಲ್ಲಿ ಹಣವೊಡ್ಡಿ ಆಡುವ ಆಟಗಳ ಮಟ್ಟಿಗೆ ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಕೈಬಿಟ್ಟಿತು. ಆಟದ ಸ್ವರೂಪವನ್ನು ಕೇಳುವುದು ಧರ್ಮಾಸನದ ಕೆಲಸ. ಆಡುವವನ ಅಂತರಂಗವನ್ನು ಕೇಳುವುದು ಕವಿಯ ಕೆಲಸ. ಈ ಎರಡನೆಯ ಕೆಲಸವನ್ನು ಭಾರತೀಯ ಸಾಹಿತ್ಯವು ಎಷ್ಟು ಹಿಂದೆಯೇ, ಎಷ್ಟು ನಿರ್ದಾಕ್ಷಿಣ್ಯವಾಗಿ ಮಾಡಿ ಮುಗಿಸಿದೆಯೆಂಬುದನ್ನು ಕಾವ್ಯಗಳನ್ನು ಬಲ್ಲವರೂ ಮರೆತಂತೆ ತೋರುತ್ತದೆ. ಒಳ್ಳೆಯ ಕವಿಗಳು ದ್ಯೂತಕಾರನ ಬಾಯಲ್ಲಿ ಒಂದು ಕಾರಣವನ್ನು ಇಡುತ್ತಾರೆ. ಅವನು ಸೋತು ಏಕಾಕಿಯಾದಾಗ ಬೇರೊಂದು ಕಾರಣವನ್ನು ಹೊರಗೆಡಹುತ್ತಾರೆ. ಈ ಎರಡು ಕಾರಣಗಳ ನಡುವಣ ಅಂತರದಲ್ಲಿಯೇ ದ್ಯೂತಪ್ರಸಂಗಗಳ ರಸವಿರುವುದು.

ಋಗ್ವೇದದ ಹತ್ತನೆಯ ಮಂಡಲದ ಮೂವತ್ತನಾಲ್ಕನೆಯದಾದ ಅಕ್ಷಸೂಕ್ತದಿಂದ ತೊಡಗುವುದು ಯುಕ್ತವಾದುದು. ಹದಿನಾಲ್ಕೇ ಮಂತ್ರಗಳ ಸೂಕ್ತವಿದು. ಇದರ ಋಷಿಯೆಂದು ಹೇಳಲಾಗುವ ಕವಷ ಐಲೂಷನನ್ನು ಕಿತವನೆಂದೂ ದಾಸೀಪುತ್ರನೆಂದೂ ಜರೆದು ಯಜ್ಞಭೂಮಿಯಿಂದ ಹೊರಕ್ಕೆ ಅಟ್ಟಿದರೆಂಬ ಕಥೆಯನ್ನು ಐತರೇಯ ಬ್ರಾಹ್ಮಣವು ಹೇಳುವುದು. ಅಂದಿನ ದಾಳಗಳು ಇಂದಿನಂತೆ ಚುಕ್ಕೆಯಿಟ್ಟ ದಂತದ ತುಂಡುಗಳಲ್ಲ, ವಿಭೀತಕದ ಕಾಯಿಗಳು. ಕನ್ನಡಿಗರ ಮನೆಗಳಲ್ಲಿ ತ್ರಿಫಲಾ ಚೂರ್ಣಕ್ಕೆ ಅಳಲೆ ನೆಲ್ಲಿಗಳೊಡನೆ ಬೀಳುವ ತಾರೆಕಾಯಿಯೇ ಅದು. ಹೊಟ್ಟೆಯನ್ನು ಶುದ್ಧಿಮಾಡುವ ಅದೇ ಕಾಯಿಯು ಅಂದು ಮನೆಗಳನ್ನೇ ಗುಡಿಸಿಹಾಕಿತ್ತು!

ಸೂಕ್ತದ ಕಿತವನು ತಾನೇಕೆ ಆಡುವೆನೆಂಬುದಕ್ಕೆ ಒಂದು ಕಾರಣವನ್ನೂ ಕೊಡುವುದಿಲ್ಲವೆಂಬುದು ಗಮನಾರ್ಹ. ಹೆಂಡತಿಯು ತನ್ನನ್ನು ಬೈಯುತ್ತಿರಲಿಲ್ಲ, ತನ್ನ ಸ್ನೇಹಿತರಿಗೂ ಹಿತವಾಗಿದ್ದಳು, ಆದರೂ ಅವಳನ್ನು ದೂರಮಾಡಿಕೊಂಡೆನೆನ್ನುತ್ತಾನೆ. ಅತ್ತೆಯ ದ್ವೇಷವನ್ನು ಹೇಳುತ್ತಾನೆ. ಮಾರಾಟಕ್ಕೆ ಬಂದ ಮುದಿ ಕುದುರೆಯಂತೆ ತಾನು ಯಾರಿಗೂ ಬೇಡವಾದುದನ್ನು ಹೇಳುತ್ತಾನೆ. ಸಾಲಗಾರರು ಬಂದಾಗ ತಂದೆತಾಯಿಗಳೂ ಸೋದರರೂ ಇವನಾರೋ ತಾವರಿಯೆವು, ಕಟ್ಟಿ ಒಯ್ಯಿರೆಂದು ಬಿಡುತ್ತಾರೆ. ಇನ್ನು ಆಡುವುದಿಲ್ಲವೆಂದು ಅವನು ನಿಶ್ಚಯಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಹಲಗೆಯ ಮೇಲೆ ಕಾಯಿಗಳು ಬಿದ್ದ ಸದ್ದು ಕೇಳಿಸುತ್ತದೆ, ಅಭಿಸಾರಿಕೆಯಂತೆ ಹೊರಟುಬಿಡುತ್ತಾನೆ. ಇಷ್ಟರಲ್ಲಿ ಎಲ್ಲಿಯಾದರೂ ಹಣದಾಸೆಯೆಂಬ ಮಾತಿದೆಯೇ? ಗೆದ್ದುದರಿಂದ ಏನನ್ನು ಕೊಂಡನೆಂಬ ಸುದ್ದಿಯಿದೆಯೇ? ಎರಡೂ ಇಲ್ಲ. ಇರುವುದು ಒಂದು ಸದ್ದು ಮಾತ್ರ.

ಈ ಸೂಕ್ತವನ್ನು ನೀತಿಬೋಧೆಯೆಂದು ಪಾಠಹೇಳುವ ವಾಡಿಕೆಯುಂಟು. ಜೂಜನ್ನು ಬಿಟ್ಟು ಬೇಸಾಯವನ್ನು ಹಿಡಿಯೆಂಬ ಸವಿತೃವಿನ ಉಪದೇಶವು ಹದಿಮೂರನೆಯ ಮಂತ್ರದಲ್ಲಿ ಬರುವುದರಿಂದ ಉಪಾಧ್ಯಾಯರು ಅಲ್ಲಿಗೇ ಪುಸ್ತಕವನ್ನು ಮುಚ್ಚುವರು. ಆದರೆ ಸೂಕ್ತವು ಅಲ್ಲಿಗೆ ಮುಗಿಯುವುದಿಲ್ಲ. ಹದಿನಾಲ್ಕನೆಯ ಮಂತ್ರದಲ್ಲಿ ಕಿತವನು ದೇವತೆಯ ಕಡೆಗಲ್ಲ, ದಾಳಗಳ ಕಡೆಗೇ ತಿರುಗುತ್ತಾನೆ. ತನ್ನಲ್ಲಿ ಮೈತ್ರಿಯನ್ನಿಡಿರೆಂದೂ ಕನಿಕರಿಸಿರೆಂದೂ ತನ್ನ ಬದಲು ಬೇರೊಬ್ಬನು ನಿಮ್ಮ ಬಲೆಗೆ ಬೀಳಲೆಂದೂ ಅವುಗಳನ್ನು ಬೇಡಿಕೊಳ್ಳುತ್ತಾನೆ. ಉಪದೇಶವನ್ನು ಕೇಳಿ ಸುಧಾರಿಸಿದವನ ಮಾತು ಇದಲ್ಲ. ಬಿಡಲಾರದೆ ಬಿಡುವವನ ಬೀಳ್ಕೊಡುಗೆ. ಈ ಕೊನೆಯ ಮಂತ್ರವಿಲ್ಲದಿದ್ದರೆ ಅಕ್ಷಸೂಕ್ತವು ಸದುಪದೇಶವಾಗುತ್ತಿತ್ತು. ಇದರಿಂದ ಅದು ಕಾವ್ಯವಾಯಿತು.

ಕಾರಣವನ್ನೇ ಹೇಳದ ಈ ಕಿತವನಿಂದ, ಕಾರಣವನ್ನು ಅತಿ ಗಂಭೀರವಾಗಿ ಹೇಳಿದ ಧರ್ಮರಾಜನ ಬಳಿಗೆ ಬಂದರೆ ವಿಷಯವು ಮತ್ತಷ್ಟು ತೊಡಕಾಗುವುದು. ಸಭಾಪರ್ವದಲ್ಲಿ ಯುಧಿಷ್ಠಿರನು ದ್ಯೂತವು ವಂಚನೆಯೆಂದು ಬಲ್ಲನು. ಅದರಲ್ಲಿ ಕ್ಷತ್ರಿಯನ ಪರಾಕ್ರಮವಿಲ್ಲವೆಂದು ತಾನೇ ಹೇಳುವನು. ಆದರೂ ಕರೆದಾಗ ಹಿಂಜರಿಯೆನೆಂಬ ವ್ರತವನ್ನು ಮುಂದುಮಾಡಿ ಕುಳಿತುಕೊಳ್ಳುವನು. ಕುಮಾರವ್ಯಾಸನ ಸಭಾಪರ್ವವನ್ನು ಗಮಕಿಗಳ ಕಂಠದಲ್ಲಿ ಕೇಳಿದ ಕನ್ನಡಿಗರಿಗೆ ಮುಂದಿನ ದ್ರೌಪದಿಯ ಸಂಕಟವೇ ಕಣ್ಣು ತುಂಬಿಕೊಂಡಿರುವುದರಿಂದ, ಅರಸನು ಹೇಳಿದ ಕಾರಣವನ್ನು ತೂಗಿನೋಡುವಷ್ಟು ವ್ಯವಧಾನವು ಯಾರಿಗೂ ಉಳಿಯುವುದಿಲ್ಲ. ಕರೆದರೆ ಹೋಗಬೇಕಾದುದು ಕ್ಷತ್ರಿಯಧರ್ಮ, ಹೋದನು, ಸೋತನು ಎಂದು ಹರಿಕಥೆಯವರೂ ಅಷ್ಟಕ್ಕೇ ಬಿಡುವರು.

ವ್ಯಾಸನು ಅಷ್ಟಕ್ಕೇ ಬಿಡಲಿಲ್ಲ. ವನಪರ್ವದಲ್ಲಿ, ರಾಜ್ಯವೂ ಸಭೆಯೂ ಕೇಳುವ ಜನವೂ ಇಲ್ಲದ ಕಾಡಿನಲ್ಲಿ, ಭೀಮನ ಚುಚ್ಚುಮಾತುಗಳನ್ನು ತಾಳಿಕೊಂಡು ಯುಧಿಷ್ಠಿರನು ಕೊಡುವ ಉತ್ತರವು ಬೇರೆ. ಧೃತರಾಷ್ಟ್ರನ ಮಗನಿಂದ ರಾಜ್ಯವನ್ನು ಕಸಿದುಕೊಳ್ಳಬೇಕೆಂಬ ಬಯಕೆಯಿಂದಲೇ ತಾನು ದಾಳಗಳನ್ನು ಹಿಡಿದೆನೆಂದು ಅಲ್ಲಿ ಒಪ್ಪಿಕೊಳ್ಳುತ್ತಾನೆ. ಶಕುನಿಯ ಇಷ್ಟದಂತೆ ದಾಳಗಳು ಬೀಳುತ್ತಿರುವುದನ್ನು ಕಂಡಾಗ ಮನಸ್ಸನ್ನು ತಡೆಯಬಹುದಾಗಿತ್ತು. ಆದರೆ ಕೋಪವು ಧೈರ್ಯವನ್ನು ತಿಂದುಹಾಕಿತೆಂದೂ ಸೇರಿಸುತ್ತಾನೆ. ಸಭೆಯಲ್ಲಿ ಹೇಳಿದ ಕಾರಣ ವ್ರತ. ಕಾಡಿನಲ್ಲಿ ಹೇಳಿದ ಕಾರಣ ಮೊದಲು ಲೋಭ, ಆಮೇಲೆ ಕೋಪ. ಸೋಲುತ್ತಿರುವವನು ಎದ್ದುಹೋಗದಿರುವುದು ಹಣಕ್ಕಾಗಿ ಅಲ್ಲ, ಕೋಪಕ್ಕಾಗಿ ಎಂಬ ಈ ಸೂಕ್ಷ್ಮವನ್ನು ಪೋಕರಿನ ಮೇಜಿನ ಸುತ್ತ ಕುಳಿತವರು ಬೇರೆ ಮಾತುಗಳಲ್ಲಿ ಬಲ್ಲರು. ಧರ್ಮಜನ ಬಾಯಿಂದಲೇ ಅದನ್ನು ಹೇಳಿಸಲು ಕವಿಗೆ ಎಂತಹ ಎದೆಗಾರಿಕೆಯಿರಬೇಕು! ಯುಧಿಷ್ಠಿರನನ್ನು ನಿರ್ದೋಷಿಯೆಂದು ಕಾಪಾಡಲು ಹೊರಟ ವ್ಯಾಖ್ಯಾನಗಳೆಲ್ಲ ಈ ಒಪ್ಪಿಗೆಯನ್ನು ದಾಟಿಕೊಂಡು ಹೋಗುವುದು ಅವನಿಗೆ ಮಾಡುವ ಉಪಕಾರವಲ್ಲ. ತನ್ನ ನಿಜವಾದ ಕಾರಣವನ್ನು ತಾನೇ ಕಂಡುಕೊಂಡುದರಿಂದಲ್ಲವೇ ಅವನು ಧರ್ಮರಾಜನು?

ಕೌಶಲದ ವಾದಕ್ಕೂ ಸಭಾಪರ್ವದಲ್ಲಿಯೇ ಮೂಲವಿದೆ. ದ್ಯೂತವು ವಂಚನೆಯೆಂದು ಯುಧಿಷ್ಠಿರನು ಆಕ್ಷೇಪಿಸಿದಾಗ ಶಕುನಿಯು ಕೊಡುವ ಸಮಾಧಾನವು ಬಹಳ ಸೊಗಸಾದುದು. ವಿದ್ವಾಂಸನು ಅವಿದ್ವಾಂಸನನ್ನು ವಾದಕ್ಕೆ ಎದುರಿಸುವುದೂ ಬಲ್ಲವನು ಅರಿಯದವನ ಮೇಲೆ ನಡೆಯುವುದೂ ಹೀಗೆಯೇ. ಅದನ್ನು ಜನರು ವಂಚನೆಯೆನ್ನುವುದಿಲ್ಲ. ಭಯವಿದ್ದರೆ ಎದ್ದುಹೋಗಬಹುದು ಎನ್ನುತ್ತಾನೆ. ನ್ಯಾಯವಾದಿಗಳು ಇತ್ತೀಚೆಗೆ ಮಂಡಿಸಿದ ಯುಕ್ತಿಗಳಲ್ಲಿ ಇದಕ್ಕಿಂತ ಹೆಚ್ಚಿನದು ಕಡಮೆ. ಶಕುನಿಯ ಮಾತಿನಲ್ಲಿ ಸುಳ್ಳೂ ಇಲ್ಲ. ಕೌಶಲವಿರುವುದು ಹೌದು, ಅದು ಯಾರ ಕೈಯಲ್ಲಿದೆಯೆಂಬುದಷ್ಟೇ ಪ್ರಶ್ನೆ.

ಆ ಕೌಶಲವು ಯುಧಿಷ್ಠಿರನ ಕೈಗೂ ಬಂದುದನ್ನು ಅನೇಕರು ಮರೆಯುತ್ತಾರೆ. ಕಾಡಿನಲ್ಲಿ ಬೃಹದಶ್ವ ಮುನಿಯು ನಳನ ಕಥೆಯನ್ನು ಹೇಳಿ ಮುಗಿಸಿ ಅವನಿಗೆ ಅಕ್ಷಹೃದಯವೆಂಬ ವಿದ್ಯೆಯನ್ನು ಕೊಡುತ್ತಾನೆ. ಅಜ್ಞಾತವಾಸದಲ್ಲಿ ಯುಧಿಷ್ಠಿರನು ಕಂಕನೆಂಬ ಹೆಸರಿನಿಂದ ವಿರಾಟನ ಸಭಾಸ್ತಾರನಾಗಿ ಸೇರಿ, ಅರಸನನ್ನು ಆಡಿಸಿ, ಗೆದ್ದ ಧನವನ್ನು ವಿರಾಟನಿಗೆ ತಿಳಿಯದಂತೆ ತಮ್ಮಂದಿರಿಗೆ ಹಂಚುತ್ತಾನೆ. ಒಡ್ಡಿ ಸೋತವನಿಗೆ ಒಡ್ಡುವುದೇ ಜೀವನೋಪಾಯವಾಯಿತು. ಆದರೆ ಈ ಕಂಕನನ್ನು ನೋಡಿದರೆ ಅವನು ಆಡುವವನಂತೆ ತೋರುವುದೇ ಇಲ್ಲ. ಅವನಲ್ಲಿ ಕಾತರವಿಲ್ಲ, ಕೋಪವಿಲ್ಲ. ಉತ್ತರನು ಗೆದ್ದ ಸುದ್ದಿ ಬಂದು ವಿರಾಟನು ಹಿಗ್ಗಿನಿಂದ ದಾಳಗಳನ್ನು ತರಿಸಿದಾಗ, ಸಂತೋಷದಿಂದ ಮೈಮರೆತವನೊಡನೆ ಆಡಬಾರದೆಂದು ಅವನೇ ತಡೆಯುತ್ತಾನೆ. ದ್ಯೂತದಲ್ಲಿ ಎಲ್ಲವನ್ನೂ ಕಳೆದುಕೊಂಡ ಯುಧಿಷ್ಠಿರನೆಂಬೊಬ್ಬನ ಕಥೆಯನ್ನು ಅರಸನು ಕೇಳಿಲ್ಲವೇ ಎಂದು ಕೇಳುತ್ತಾನೆ. ತನ್ನ ಹೆಸರನ್ನು ಪರನ ಹೆಸರಿನಂತೆ ಉಚ್ಚರಿಸುವ ಈ ಸಂದರ್ಭಕ್ಕೆ ಸಮನಾದುದು ಮಹಾಭಾರತದಲ್ಲಿಯೂ ವಿರಳ. ಕೆಲವು ಕ್ಷಣಗಳಲ್ಲಿ ಅದೇ ದಾಳವು ವಿರಾಟನ ಕೈಯಿಂದ ಹಾರಿ ಬಂದು ಅವನ ಮುಖದಲ್ಲಿ ರಕ್ತವನ್ನು ಬರಿಸುವುದು.

ಅಕ್ಷಹೃದಯವೆಂದರೇನು? ನಳೋಪಾಖ್ಯಾನವು ಇದನ್ನು ಮಂತ್ರವೆಂಬಂತೆ ಹೇಳಿದರೂ ಅದರ ಸ್ವರೂಪವನ್ನು ಒಂದು ದೃಷ್ಟಾಂತದಿಂದ ತೋರಿಸುತ್ತದೆ. ಬಾಹುಕನ ವೇಷದಲ್ಲಿರುವ ನಳನು ಋತುಪರ್ಣನ ರಥವನ್ನು ವಿದರ್ಭದ ಕಡೆಗೆ ಓಡಿಸುತ್ತಿರುವಾಗ ದಾರಿಯಲ್ಲಿ ಒಂದು ತಾರೆಯ ಮರವು ಕಾಣುವುದು. ಅದರ ಎರಡು ಕೊಂಬೆಗಳಲ್ಲಿ ಐದು ಕೋಟಿ ಎಲೆಗಳೂ ೨೦೯೫ ಕಾಯಿಗಳೂ ಇವೆಯೆಂದು ಅರಸನು ನೋಡಿದೊಡನೆಯೇ ಹೇಳುವನು. ನಳನಿಗೆ ನಂಬಿಕೆಯಿಲ್ಲ. ರಥವನ್ನು ನಿಲ್ಲಿಸಿ, ಹೊತ್ತಾಯಿತೆಂದು ಅರಸನು ಕಾತರಿಸುತ್ತಿದ್ದರೂ ಕೇಳದೆ, ಮರವನ್ನು ಕಡಿದು ಕಾಯಿಗಳನ್ನು ಎಣಿಸುವನು, ಲೆಕ್ಕವು ಸರಿಯಾಗಿರುವುದು. ಹಿಡಿ ತುಂಬ ಕಾಯಿಗಳನ್ನು ಹಿಡಿದು ನಾಲ್ಕರಿಂದ ಭಾಗಿಸಿ, ಉಳಿಯುವುದೇನೆಂಬುದರ ಮೇಲೆ ಕೃತ, ತ್ರೇತಾ, ದ್ವಾಪರ, ಕಲಿಯೆಂದು ಗೆಲುವು ಸೋಲುಗಳನ್ನು ಹೇಳುತ್ತಿದ್ದ ಆಟದಲ್ಲಿ ಇಂತಹ ಎಣಿಕೆಯ ಕಣ್ಣು ಎಷ್ಟು ಬೆಲೆಯುಳ್ಳದ್ದೆಂಬುದನ್ನು ವಿವರಿಸಬೇಕಾದುದಿಲ್ಲ. ಇಯಾನ್ ಹ್ಯಾಕಿಂಗ್ ಎಂಬ ವಿದ್ವಾಂಸನು ಸಂಭಾವ್ಯತೆಯ ಗಣಿತವು ಹುಟ್ಟಿದ ಬಗೆಯನ್ನು ಕುರಿತು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಋತುಪರ್ಣನ ಪ್ರಸಂಗವನ್ನು ಎತ್ತಿಕೊಂಡಿರುವುದು ಆಶ್ಚರ್ಯವಲ್ಲ.

ಕನಕದಾಸರ ನಳಚರಿತ್ರೆಯಿಂದ ಈ ಕಥೆಯನ್ನು ಬಲ್ಲವರೂ ಒಂದು ಅಂಶದಲ್ಲಿ ಮೂಲವನ್ನು ಮತ್ತೆ ನೋಡತಕ್ಕದ್ದು. ಆ ವಿದ್ಯೆಯು ಒಳಹೊಕ್ಕೊಡನೆಯೇ ನಳನ ಮೈಯಲ್ಲಿದ್ದ ಕಲಿಯು ವಿಷವನ್ನು ಕಾರುತ್ತ ಹೊರಕ್ಕೆ ಬರುವನು. ಕಲಿಯೆಂಬುದು ಸೋಲುವ ಎಣಿಕೆಯ ಹೆಸರೂ ಹೌದು, ನಳನನ್ನು ಹಿಡಿದ ಪುರುಷನ ಹೆಸರೂ ಹೌದು. ಲೆಕ್ಕವು ತಿಳಿದೊಡನೆ ಹುಚ್ಚು ಬಿಡುವುದೆಂಬುದನ್ನು ಇದಕ್ಕಿಂತ ಸ್ಫುಟವಾಗಿ ಹೇಳಲು ಸಾಧ್ಯವಿಲ್ಲ. ಹಿಂದೆ ತಿಂಗಳುಗಟ್ಟಲೆ ಆಡಿ ರಾಜ್ಯವನ್ನು ಕಳೆದವನು, ವಿದ್ಯೆಯನ್ನು ಪಡೆದ ಮೇಲೆ ಪುಷ್ಕರನೊಡನೆ ಒಂದೇ ಪಣದ ಆಟವನ್ನಾಡಿ, ಗೆದ್ದು, ತಮ್ಮನನ್ನು ಕ್ಷಮಿಸಿ ಎದ್ದುಬಿಡುತ್ತಾನೆ. ನಳನು ಕಲಿಯ ಆವೇಶದಲ್ಲಿ ಆಡಿದನೆಂದು ಹೇಳಿ ಅವನ ದೋಷವನ್ನು ಕವಿಯು ಹೊರಗಿನವನ ಮೇಲೆ ಹಾಕಿದನೆಂಬ ಆಕ್ಷೇಪವುಂಟು. ಅದರಲ್ಲಿ ಸತ್ಯವೂ ಉಂಟು. ಆದರೆ ಆ ಆವೇಶದಲ್ಲಿಯೂ ನಳನು ದಮಯಂತಿಯನ್ನು ಪಣವಾಗಿಡಲಿಲ್ಲ. ಪುಷ್ಕರನು ನಗುತ್ತ ಅವಳನ್ನು ಒಡ್ಡೆಂದಾಗ ಅವನು ಮಾತಾಡದೆ ಮೈಮೇಲಿನ ಆಭರಣಗಳನ್ನು ಕಳಚಿಟ್ಟು ಹೊರಟನು.

ಹೀಗೆ ಸಂಪಾದನೆಗಾಗಿ ಆಡುವವನು ನಿಜವಾಗಿಯೂ ಇರಬಹುದು. ಆದರೆ ಅವನು ಋತುಪರ್ಣನಂತೆ ಎಣಿಸುವವನು, ಕಂಕನಂತೆ ತಣ್ಣಗಿರುವವನು. ಪೋಕರಿನಲ್ಲಿ ಪಳಗಿದವನು ಕೈಗೆ ಬಂದ ಎಲೆಗಳಲ್ಲಿ ಬಹುಪಾಲನ್ನು ಆಡದೆಯೇ ಕೆಳಗಿಡುತ್ತಾನೆ. ಸುಳ್ಳು ಪಣವನ್ನೊಡ್ಡಿ ಹೆದರಿಸುವುದನ್ನು ಕೂಡ ಅವನು ಉತ್ಸಾಹದಿಂದಲ್ಲ, ಲೆಕ್ಕದಿಂದ ಮಾಡುತ್ತಾನೆ. ಅದಕ್ಕೂ ಒಂದು ಪ್ರಮಾಣವುಂಟೆಂಬುದನ್ನು ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ ಎಂಬ ಪಂಡಿತರು ೧೯೪೪ರಲ್ಲಿಯೇ ಗಣಿತದಿಂದ ಸಾಧಿಸಿ ತೋರಿಸಿದರು. ಅಂತಹವನಿಗೆ ಆಟವು ಗುಮಾಸ್ತೆಯ ಕೆಲಸದಷ್ಟೇ ಬೇಸರದ್ದು. ಜೀವನಕ್ಕಾಗಿ ಆಡುತ್ತೇನೆಂದು ಹೇಳುವ ಉಳಿದವರು ಯಾರು? ಅವರ ಚಿತ್ರವನ್ನು ಬರೆದವನು ಶೂದ್ರಕ.

ಮೃಚ್ಛಕಟಿಕದ ಎರಡನೆಯ ಅಂಕದಲ್ಲಿ ಬರುವ ಸಂವಾಹಕನು ಪಾಟಲಿಪುತ್ರದ ಗೃಹಸ್ಥನ ಮಗ. ಹೊಸ ದೇಶವನ್ನು ನೋಡುವ ಕುತೂಹಲದಿಂದ ಉಜ್ಜಯಿನಿಗೆ ಬಂದವನು. ಮೈಯೊತ್ತುವುದನ್ನು ಅವನು ಕಲೆಯೆಂದು ಪ್ರೀತಿಯಿಂದ ಕಲಿತಿದ್ದನು. ಕಾಲಕ್ರಮದಲ್ಲಿ ಅದೇ ಅವನ ಅನ್ನದ ದಾರಿಯಾಯಿತು. ಚಾರುದತ್ತನ ಸೇವೆಯಲ್ಲಿದ್ದನು, ಒಡೆಯನು ಬಡವನಾದ ಮೇಲೆ ದ್ಯೂತವನ್ನು ಜೀವನೋಪಾಯವಾಗಿ ಹಿಡಿದನು. ವಸಂತಸೇನೆಗೆ ತನ್ನ ಕಥೆಯನ್ನು ಹೇಳುವಾಗ ಅವನು ಕೊಡುವ ಕಾರಣವು ಇಷ್ಟೆ: ಆಶ್ರಯವು ತಪ್ಪಿತು, ಹೊಟ್ಟೆಪಾಡಿಗೆ ಆಡಿದೆ. ಕೇಳಲು ಎಷ್ಟು ಸಮಂಜಸವಾಗಿದೆ! ವಿನೋದದಿಂದ ಕಲಿತದ್ದು ಜೀವನವಾಗುವುದು, ಜೀವನವು ಕೆಟ್ಟು ಜೂಜಾಗುವುದು. ಎರಡು ಮೆಟ್ಟಿಲುಗಳಲ್ಲಿ ಒಬ್ಬ ಮನುಷ್ಯನ ಚರಿತ್ರೆಯನ್ನೇ ಕವಿಯು ಇಳಿಸಿದ್ದಾನೆ.

ಆದರೆ ಈ ಕಾರಣವನ್ನು ಕೇಳುವುದಕ್ಕೆ ಮುಂಚೆಯೇ ಪ್ರೇಕ್ಷಕರು ಬೇರೊಂದನ್ನು ಕಣ್ಣಾರೆ ಕಂಡಿರುತ್ತಾರೆ. ಹತ್ತು ಸುವರ್ಣಗಳನ್ನು ಸೋತು, ಕೊಡಲಾರದೆ ಸಂವಾಹಕನು ಓಡಿಬಂದಿದ್ದಾನೆ. ಜೂಜಿನ ಮನೆಯ ಯಜಮಾನನಾದ ಮಾಥುರನೂ ಮತ್ತೊಬ್ಬ ಜೂಜುಗಾರನೂ ಬೆನ್ನಟ್ಟಿದ್ದಾರೆ. ವಿಗ್ರಹವಿಲ್ಲದ ಪಾಳು ಗುಡಿಯೊಂದಕ್ಕೆ ಹಿಮ್ಮುಖವಾಗಿ ನಡೆದು ಹೊಕ್ಕು, ಹೆಜ್ಜೆಗಳು ಹೊರಗೆ ಹೋದಂತೆ ಕಾಣಿಸಿ, ತಾನೇ ವಿಗ್ರಹದಂತೆ ನಿಂತುಬಿಡುತ್ತಾನೆ. ಬೆನ್ನಟ್ಟಿದವರು ಮೂಢರಲ್ಲ. ಗುಡಿಯೊಳಗೆ ಬಂದು, ಈ ಪ್ರತಿಮೆಯು ಮರದ್ದೋ ಕಲ್ಲಿನದೋ ಎಂದು ಮಾತಾಡಿಕೊಳ್ಳುತ್ತ ಅಲ್ಲಾಡಿಸಿ ನೋಡುತ್ತಾರೆ. ಆಮೇಲೆ ಒಬ್ಬರಿಗೊಬ್ಬರು ಸನ್ನೆ ಮಾಡಿಕೊಂಡು, ಅವನನ್ನು ಹಿಡಿಯದೆ, ಅವನೆದುರಿಗೇ ಕುಳಿತು ಆಡತೊಡಗುತ್ತಾರೆ.

ಶೂದ್ರಕನ ಪ್ರತಿಭೆಯು ಇಲ್ಲಿದೆ. ಕೈಹಾಕಿದರೆ ಸಿಗುವವನನ್ನು ಹಿಡಿಯಲು ಆಟವೇಕೆ? ಹಿಡಿದರೆ ಅವನು ಸಾಲಗಾರ ಮಾತ್ರ. ತಾನಾಗಿಯೇ ಇಳಿದು ಬಂದರೆ ದ್ಯೂತಕಾರ. ದಾಳದ ಸದ್ದಿಗೆ ವಿಗ್ರಹದ ಮುಖವು ಕದಲುತ್ತದೆ. ಇನ್ನು ಆಡೆನೆಂದು ಒಳಗೇ ತನ್ನನ್ನು ತಡೆದುಕೊಳ್ಳುತ್ತಾನೆ. ಆದರೂ ಆ ಸದ್ದು ಎಷ್ಟು ಇಂಪೆಂದು ನೆನೆಯುತ್ತಾನೆ. ಆಟದಲ್ಲಿ ಸರದಿಯ ತಕರಾರು ಹುಟ್ಟುತ್ತದೆ. ಒಬ್ಬನು ತನ್ನದೆನ್ನುತ್ತಾನೆ, ಮತ್ತೊಬ್ಬನು ತನ್ನದೆನ್ನುತ್ತಾನೆ. ವಿಗ್ರಹವು ಥಟ್ಟನೆ ಮುಂದೆ ಬಂದು, ಸರದಿಯು ತನ್ನದೆಂದುಬಿಡುತ್ತದೆ! ನಕ್ಕು ನಕ್ಕು ಸಾಕಾದ ಮೇಲೆ ಸಹೃದಯನಿಗೆ ಮೈ ಜುಮ್ಮೆನ್ನುವುದು, ಇದು ಅಕ್ಷಸೂಕ್ತದ ಅದೇ ಸದ್ದೆಂದು ಹೊಳೆದಾಗ. ಹತ್ತು ಸುವರ್ಣಗಳಿಗಾಗಿ ಹೊಡೆತವನ್ನೂ ದಾಸ್ಯವನ್ನೂ ಹೆದರಿ ಅಡಗಿದವನು, ಒಂದು ಕಾಸನ್ನೂ ಕೊಡದ ಸರದಿಗಾಗಿ ಬಂದು ಸಿಕ್ಕಿಬಿದ್ದನು. ಹೊಟ್ಟೆಪಾಡಿನ ಮಾತು ಎಲ್ಲಿ ಹೋಯಿತು?

ಮುಂದಿನ ಹಾಸ್ಯವೂ ಪೊಳ್ಳಲ್ಲ. ಅರ್ಧ ಸಾಲವನ್ನು ಒಬ್ಬನೂ ಇನ್ನರ್ಧವನ್ನು ಮತ್ತೊಬ್ಬನೂ ಬಿಟ್ಟುಕೊಡಲೆಂದು ಕೇಳಿ, ಅವರು ಒಪ್ಪಿದೊಡನೆ ಪೂರ್ತಿ ಸಾಲವೂ ತೀರಿತೆಂದು ಸಂವಾಹಕನು ಹೊರಡಲು ನೋಡುವುದು ದ್ಯೂತಕಾರರ ಅಂಕಗಣಿತಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಗೆ ಬರುವ ದರ್ದುರಕನು, ಮೈಮೇಲಿನ ಬಟ್ಟೆಯು ತೂತುಗಳ ಸಮೂಹವಾಗಿದ್ದರೂ, ದ್ಯೂತವನ್ನು ಸಾಮ್ರಾಜ್ಯಕ್ಕೆ ಹೋಲಿಸಿ ಹಾಡುತ್ತಾನೆ. ಇವನಿಗೆ ಇನ್ನೂ ಹತ್ತು ಸುವರ್ಣಗಳನ್ನು ಕೊಟ್ಟು ಆಡಿಸು, ಗೆದ್ದರೆ ತೀರಿಸುತ್ತಾನೆಂದು ಮಾಥುರನಿಗೆ ಸಲಹೆಯನ್ನೂ ಕೊಡುತ್ತಾನೆ. ಕಳೆದುದನ್ನು ಮತ್ತಷ್ಟು ಒಡ್ಡಿಯೇ ತರುವುದೆಂಬ ಈ ತರ್ಕವನ್ನು ಯಾವ ಮನೆಯವರು ಕೇಳಿಲ್ಲ? ಕೊನೆಗೆ ಮಾಥುರನ ಕಣ್ಣಿಗೆ ಮಣ್ಣೆರಚಿ ಸಂವಾಹಕನನ್ನು ಓಡಿಸುವವನೂ ಅವನೇ. ವಸಂತಸೇನೆಯು ತನ್ನ ಕೈಯ ಒಡವೆಯನ್ನು ಕಳುಹಿಸಿ, ಸಂವಾಹಕನೇ ಕೊಟ್ಟನೆಂದು ಹೇಳಿಸಿ ಸಾಲವನ್ನು ತೀರಿಸುತ್ತಾಳೆ. ಅವಮಾನವು ತಾಳಲಾರದೆ ಅವನು ಬೌದ್ಧಭಿಕ್ಷುವಾಗುತ್ತಾನೆ. ಆಟವನ್ನು ಮಿತಮಾಡುವುದು ತನ್ನಿಂದಾಗದು, ಲೋಕವನ್ನೇ ಬಿಡಬೇಕೆಂದು ಅರಿತ ದ್ಯೂತಕಾರನು ಇವನೊಬ್ಬನೇ.

ಇದೇ ನಾಟಕದಲ್ಲಿ ಇನ್ನೊಂದು ಸೂಕ್ಷ್ಮವನ್ನು ವಿಮರ್ಶಕರು ಸಾಕಷ್ಟು ಎತ್ತಿ ಹೇಳಿಲ್ಲ. ವಸಂತಸೇನೆಯು ಇಟ್ಟಿದ್ದ ಒಡವೆಗಳು ಚಾರುದತ್ತನ ಮನೆಯಿಂದ ಕಳವಾದಾಗ, ಬಡವನ ಮಾತನ್ನು ಯಾರೂ ನಂಬರೆಂದು ಹೆದರಿ ಅವನು ಮೈತ್ರೇಯನ ಮೂಲಕ ಸುಳ್ಳನ್ನು ಹೇಳಿ ಕಳುಹಿಸುವನು: ತನ್ನದೆಂದು ಭಾವಿಸಿ ಅವನ್ನು ಜೂಜಿನಲ್ಲಿ ಸೋತೆನೆಂದು. ಬದಲಿಗೆ ಹೆಂಡತಿ ಧೂತೆಯ ರತ್ನಮಾಲೆಯು ಹೋಗುವುದು. ಆಡದವನು ಆಡಿದೆನೆನ್ನುತ್ತಾನೆ, ಆಡುವವರೆಲ್ಲ ಬೇರೇನನ್ನೋ ಮಾಡುತ್ತಿದ್ದೆವೆನ್ನುತ್ತಾರೆ. ಸಂವಾಹಕನ ಅಂಕವನ್ನು ಮೊದಲಿಗಿಟ್ಟು ಈ ಸುಳ್ಳನ್ನು ಆಮೇಲಿಟ್ಟ ಕವಿಯ ಕ್ರಮವು ಆಕಸ್ಮಿಕವಾಗಿರಲಾರದು.

ವಿನೋದಕ್ಕಾಗಿ ಆಡುವುದನ್ನು ಕುರಿತು ಹೇಳಬೇಕಾದುದು ಕಡಮೆ. ಕನ್ನಡದಲ್ಲಿ ಅದರ ಶ್ರೇಷ್ಠ ಚಿತ್ರವು ಪಂಪನದು. ಕರ್ಣನೂ ಭಾನುಮತಿಯೂ ನೆತ್ತವಾಡುತ್ತಿರುವಾಗ ಮುತ್ತಿನ ಹಾರವು ಹರಿದು ಚೆಲ್ಲಿದ ಸಂದರ್ಭವನ್ನು ಕರ್ಣನ ನೆನಪಾಗಿ ಅವನು ಒಂದೇ ಪದ್ಯದಲ್ಲಿ ಹೇಳಿದ್ದಾನೆ. ಸೋತವರಾರು, ಹಾರಕ್ಕೆ ಕೈಹಾಕಿದವರಾರು ಎಂಬುದರ ಮೇಲೆ ಪಂಡಿತರು ಎಷ್ಟೋ ಪುಟಗಳನ್ನು ಬರೆದಿದ್ದಾರೆ. ಅದೇನೇ ಇರಲಿ, ಮುತ್ತುಗಳನ್ನು ಆಯ್ದುಕೊಡಲು ಬರುವವನು ಮನೆಯ ಯಜಮಾನನು. ಅಲ್ಲಿ ಪಣವು ಹಾರವಲ್ಲ, ನಂಬಿಕೆ, ಅದು ಸೋಲಲಿಲ್ಲ. ಮನೆಯೊಳಗಿನ ಈ ನೆತ್ತವನ್ನೂ ಸಭೆಯ ದ್ಯೂತವನ್ನೂ ಒಂದೇ ಕಾವ್ಯದಲ್ಲಿಟ್ಟ ಪಂಪನಿಗೆ, ಒಂದೇ ದಾಳವು ಎರಡು ಕೆಲಸಗಳನ್ನು ಮಾಡುವುದೆಂಬುದನ್ನು ಹೇಳಲು ವ್ಯಾಖ್ಯಾನವು ಬೇಕಾಗಲಿಲ್ಲ.

ಪಾಶ್ಚಾತ್ಯರಲ್ಲಿ ಸಂವಾಹಕನ ಸಹೋದರನನ್ನು ಕಾಣಬೇಕಾದರೆ ರಷ್ಯದ ದೊಸ್ತೊಯೆವ್‌ಸ್ಕಿಯ 'ಜೂಜುಗಾರ'ನೆಂಬ ಕಾದಂಬರಿಗೆ ಹೋಗಬೇಕು. ತಾನೇ ಜೂಜಿಗೆ ಬಲಿಯಾಗಿದ್ದ ಆ ಲೇಖಕನು, ಪ್ರಕಾಶಕನೊಬ್ಬನ ಕಠಿನವಾದ ಕರಾರಿಗೆ ಸಿಕ್ಕಿ, ೧೮೬೬ರಲ್ಲಿ ೨೬ ದಿನಗಳೊಳಗೆ ಅದನ್ನು ಹೇಳಿ ಬರೆಯಿಸಿದನು. ಬರೆದುಕೊಂಡ ಅನ್ನಾ ಎಂಬ ಯುವತಿಯು ಮರುವರ್ಷ ಅವನ ಪತ್ನಿಯಾದಳು. ನಾಯಕನು ಮನೆಪಾಠ ಹೇಳುವ ಉಪಾಧ್ಯಾಯ. ಪ್ರಿಯೆಯ ಸಂಕಟವನ್ನು ನೀಗಲೆಂದು ಹಣಕ್ಕಾಗಿ ಆಡಹೊರಡುತ್ತಾನೆ, ಗೆಲ್ಲುತ್ತಾನೆ, ಮೇಜನ್ನು ಮುಟ್ಟಿದ ಕ್ಷಣದಿಂದಲೇ ಪ್ರೇಮವು ಹಿಂದಕ್ಕೆ ಸರಿಯಿತೆಂದು ಆಮೇಲೆ ಕಂಡುಕೊಳ್ಳುತ್ತಾನೆ. ಹೇಳಿದ ಕಾರಣವು ಕೈಗೂಡಿದ ಮೇಲೂ ಆಟವು ನಿಲ್ಲಲಿಲ್ಲ. ಅಲ್ಲಿ ಚಕ್ರವು ತಿರುಗುವ ಆಟವಾದುದರಿಂದ ಕೌಶಲದ ಮಾತಿಗೆ ಎಡೆಯೇ ಇಲ್ಲ. ಅದೊಂದನ್ನು ಬಿಟ್ಟರೆ ಗುಡಿಯಲ್ಲಿ ನಿಂತ ವಿಗ್ರಹಕ್ಕೂ ಅವನಿಗೂ ಭೇದವಿಲ್ಲ.

ಈ ಎಲ್ಲ ಗ್ರಂಥಗಳಲ್ಲಿಯೂ ಕಾರಣಗಳನ್ನು ಹೇಳುವವರು ಗಂಡಸರು. ಸಾಲವನ್ನು ತೀರಿಸುವ ಒಡವೆಗಳು ಹೆಂಗಸರವು. ಏಕೆ ಆಡಿದೆಯೆಂದು ಅವರಲ್ಲಿ ಯಾರೂ ಕೇಳುವುದಿಲ್ಲವೆಂಬುದು ವಿಚಿತ್ರವಾದರೂ ನಿಜ. ದ್ರೌಪದಿಯು ಸಭೆಗೆ ಹಾಕಿದ ಪ್ರಶ್ನೆಯು ಬೇರೆ: ಮೊದಲು ಸೋತದ್ದು ತನ್ನನ್ನೋ ಅವಳನ್ನೋ ಎಂಬುದು. ಅದಕ್ಕೆ ಭೀಷ್ಮನಿಗೂ ಉತ್ತರವು ದೊರೆಯಲಿಲ್ಲ. ದಮಯಂತಿಯಂತೂ ಪ್ರಶ್ನೆಯನ್ನೇ ಕೇಳಲಿಲ್ಲ. ಆಟವು ಇನ್ನೂ ನಡೆಯುತ್ತಿರುವಾಗಲೇ, ಪ್ರಜೆಗಳೂ ಮಂತ್ರಿಗಳೂ ಬಾಗಿಲಿಗೆ ಬಂದು ನಿಂತರೂ ನಳನು ತಿರುಗಿ ನೋಡದಿದ್ದುದನ್ನು ಕಂಡು, ಸಾರಥಿಯಾದ ವಾರ್ಷ್ಣೇಯನನ್ನು ಕರೆಯಿಸಿ, ಇಂದ್ರಸೇನ ಇಂದ್ರಸೇನೆಯರೆಂಬ ಮಕ್ಕಳಿಬ್ಬರನ್ನೂ ರಥದಲ್ಲಿ ಕೂರಿಸಿ ಕುಂಡಿನಪುರದ ತವರಿಗೆ ಕಳುಹಿಸಿಬಿಟ್ಟಳು. ವಾರ್ಷ್ಣೇಯನು ಮಕ್ಕಳನ್ನು ಒಪ್ಪಿಸಿ, ಒಡೆಯನಿಲ್ಲದೆ ಅಲೆದು, ಕಡೆಗೆ ಋತುಪರ್ಣನಲ್ಲಿ ಸೇರಿದನು. ಬಾಹುಕನು ತಾರೆಯ ಮರವನ್ನು ಕಡಿದು ಕಾಯಿಗಳನ್ನು ಒಂದೊಂದಾಗಿ ಎಣಿಸುತ್ತಿದ್ದಾಗ ಕುದುರೆಗಳ ಲಗಾಮನ್ನು ಹಿಡಿದು ಕಾದಿದ್ದವನು ಅವನೇ.